ಅಂಗೈ ಮೇಲೆ ಒಂದು ಗೇಣು

ನೀರು ತಣ್ಣಗಿದೆ, ಇನ್ನೂ ತಣ್ಣಗೇ ಇದೆ, ಎಷ್ಟು ಹೊತ್ತು ಬಿಟ್ಟರೂ ಈ ನಲ್ಲಿಯಲ್ಲಿ ಚಳಿಗಾಲದ ಟ್ಯಾಂಕಿನ ನೀರೇ ಬರುತ್ತದೆ, ಉಜ್ಜು ಮಾರೇಶ, ಕೈ ಉಜ್ಜು, ಅಂಗೈಗೆ ಅಂಗೈ, ಬೆರಳ ಸಂದಿ, ಹೆಬ್ಬೆರಳ ಬುಡ, ತಣ್ಣನೆಯ ಕೈಯಲ್ಲಿ ಯಾರ ಮೈಯನ್ನೂ ಮುಟ್ಟಬೇಡ, ಮುಟ್ಟಿದರೆ ಹೆಂಗಸು ಮೈ ಬಿಗಿ ಹಿಡಿಯುತ್ತಾಳೆ, ಬಿಗಿ ಹಿಡಿದ ಮೈಯಲ್ಲಿ ಗಂಟು ಕೈಗೆ ಸಿಗುವುದಿಲ್ಲ, ಇದು ನಮ್ಮ ಮೇಡಂ ಕಲಿಸಿದ ಮೊದಲ ಪಾಠ, ಬೆಂಗಳೂರಿನಲ್ಲಿ ಕ್ಯಾನ್ಸರ್ ಸರ್ಜರಿ ಕಲಿಯಲು ಹೋದಾಗ ಚಾಕು ಕೊಡುವ ಮೊದಲು ಆರು ತಿಂಗಳು ಬರೀ ಮುಟ್ಟುವುದನ್ನೇ ಕಲಿಸಿದರು, ಮೂರು ಬೆರಳ ತುದಿ, ಮೊದಲು ಹಗುರ, ಆಮೇಲೆ ತುಸು ಒತ್ತಿ, ಆಮೇಲೆ ಪಕ್ಕೆಲುಬು ಸಿಗುವ ತನಕ ಒತ್ತಿ, ಒಂದು ಅಂಗುಲವನ್ನೂ ಬಿಡದೆ — ಒಂದು ಅಂಗುಲವನ್ನೂ ಬಿಡದೆ, ಕೇಳಿಸಿತೇನಪ್ಪಾ ಡಾಕ್ಟರೇ — ಸಾಕು, ಚರ್ಮ ಕೆಂಪಾಯಿತು, ಆದರೂ ನಲ್ಲಿ ನಿಲ್ಲಿಸಲು ಮನಸ್ಸು ಬರುತ್ತಿಲ್ಲ, ನಿಲ್ಲಿಸಿದರೆ ಆ ಹಸಿರು ಪರದೆಯ ಆಚೆ ಹೋಗಬೇಕು, ಅಲ್ಲಿ ಮಂಚದ ಮೇಲೆ ನಾಗಲಿಂಗಮ್ಮ ಕೂತಿದ್ದಾರೆ, ನರ್ಸ್ ಹೊನ್ನೂರಮ್ಮ ಅವರ ಕುಪ್ಪಸದ ಹುಕ್ಕು ಬಿಚ್ಚುತ್ತಾ ಏನೋ ಸಮಾಧಾನ ಹೇಳುತ್ತಿದ್ದಾಳೆ, ನಾಚ್ಕಿ ಮಾಡ್ಕೋಬ್ಯಾಡ್ರಿ ಅಮ್ಮಾರ, ನಮ್ಮ ಸರ್ ಕೈಗುಣ ಭಾಳ ಚೊಲೋ ಐತಿ, ಹರಪನಹಳ್ಳಿಯಾಗ ಕೇಳ್ರಿ, ಹಡಗಲಿಯಾಗ ಕೇಳ್ರಿ, ಯಾರನ್ನ ಬೇಕಾದ್ರೂ ಕೇಳ್ರಿ. ಸುಮ್ಮನಿರು ತಾಯೀ, ಆ ಕೈಗುಣದ ಸುದ್ದಿ ಎತ್ತಬೇಡ ಎಂದು ಪರದೆಯ ಈಚೆಯಿಂದಲೇ ಕೂಗಬೇಕೆನಿಸುತ್ತದೆ, ಕೂಗುವುದಿಲ್ಲ, ಉಜ್ಜುತ್ತಲೇ ಇದ್ದೇನೆ.

ಕೈಗುಣ, ಈ ಸೀಮೆಯ ಜನ ನನಗೆ ಕೊಟ್ಟ ಡಿಗ್ರಿ ಅದು, ಬಳ್ಳಾರಿಯಲ್ಲಿ ಎಂಬಿಬಿಎಸ್, ಹುಬ್ಬಳ್ಳಿಯಲ್ಲಿ ಎಂಎಸ್, ಬೆಂಗಳೂರಿನಲ್ಲಿ ಮತ್ತೆ ಮೂರು ವರ್ಷ, ಅವೆಲ್ಲ ದಾವಣಗೆರೆಯ ಆಸ್ಪತ್ರೆಯ ಗೋಡೆಗೆ ತೂಗುಹಾಕಲು, ಇಲ್ಲಿ ಯಾರೂ ಓದುವುದಿಲ್ಲ, ತಿಂಗಳ ಮೊದಲ ಭಾನುವಾರ ಹರಪನಹಳ್ಳಿ, ಎರಡನೆಯದು ಇವತ್ತಿನ ಈ ಕೊಟ್ಟೂರು, ನಾನು ಬೆಳೆದ ಊರು, ಮೂರನೆಯದು ಹಡಗಲಿ, ನಾಲ್ಕನೆಯದು ಕೂಡ್ಲಿಗಿ, ಹನ್ನೊಂದು ವರ್ಷದಿಂದ ಹೀಗೇ, ಹೆಂಡತಿ ಕೋಮಲಾ ಈಗ ಬೈಯುವುದನ್ನೂ ಬಿಟ್ಟಿದ್ದಾಳೆ, ಭಾನುವಾರದ ಬುತ್ತಿ ಕಟ್ಟಿ ಕಾರಿನ ಹಿಂದಿನ ಸೀಟಿನಲ್ಲಿಟ್ಟು ಒಳಗೆ ಹೋಗಿಬಿಡುತ್ತಾಳೆ, ನಾನು ಬಂದು ಈ ಬಸ್ ಸ್ಟ್ಯಾಂಡ್ ಹಿಂದಿನ ಎರಡು ಕೋಣೆಯಲ್ಲಿ ಕೂರುತ್ತೇನೆ, ರೋಗಿಗಿಂತ ತಗ್ಗಿನ ಸ್ಟೂಲಿನ ಮೇಲೆಯೇ ಕೂರುತ್ತೇನೆ, ಚೀಟಿಯ ಹಿಂದೆ ಪೆನ್ನಿನಲ್ಲಿ ಚಿತ್ರ ಬರೆದು ಇಲ್ಲಿ ಕೊಯ್ಯುತ್ತೇವೆ, ಇಲ್ಲಿ ಹೊಲಿಯುತ್ತೇವೆ ಎಂದು ತೋರಿಸುತ್ತೇನೆ, ಮುಟ್ಟದೆ ಯಾರನ್ನೂ ಕಳಿಸುವುದಿಲ್ಲ, ಇನ್ನೊಂದು, ಏನೂ ಇಲ್ಲ ಎನ್ನುವ ಮಾತು ನನ್ನ ಬಾಯಲ್ಲಿ ಬರುವುದಿಲ್ಲ, ಮೇಡಂ ಹೇಳುತ್ತಿದ್ದರು, ಏನೂ ಇಲ್ಲ ಅಂತ ಹೇಳೋಕೆ ನೀನು ದೇವರಲ್ಲ, ನನ್ನ ಕೈಗೆ ಏನೂ ಸಿಗಲಿಲ್ಲ ಅಂತ ಹೇಳು, ಅಷ್ಟೇ ನಿನಗೆ ಗೊತ್ತಿರೋದು. ಹಾಗೆಯೇ ಹೇಳುತ್ತೇನೆ, ಎಲ್ಲರಿಗೂ ಹಾಗೆಯೇ, ಒಬ್ಬರನ್ನು ಬಿಟ್ಟು.

ಕಿಟಕಿಯಿಂದ ಮೆಣಸಿನಕಾಯಿ ಕರಿಯುವ ವಾಸನೆ ನುಗ್ಗುತ್ತಿದೆ, ಕಡಲೆಹಿಟ್ಟು, ಓಂಕಾಳು, ಕಾದ ಎಣ್ಣೆ, ಹೊರಗೆ ಕಂಡಕ್ಟರು ಕೂಗುತ್ತಿದ್ದಾನೆ, ಬೊಮ್ಮನಹಳ್ಳಿ, ಹೊಸಪೇಟಿ, ಬರ್ರಿ ಬರ್ರಿ, ಇದೇ ವಾಸನೆ, ಇದೇ ಕೂಗು, ಮೂವತ್ತಾರು ವರ್ಷ ಹಿಂದೆ ಇದೇ ಬಸ್ ಸ್ಟ್ಯಾಂಡಿನ ಬೇವಿನ ಮರದಡಿ ನಾಗಲಿಂಗಮ್ಮನ ಮಂಡಕ್ಕಿ ಮೆಣಸಿನಕಾಯಿ ಅಂಗಡಿ, ನಾನು ಮೂರನೇ ಕ್ಲಾಸು, ಅಪ್ಪ ರಾಮಣ್ಣ ರೈಲು ಹಳಿ ನೋಡಿಕೊಳ್ಳುವ ಗ್ಯಾಂಗ್‌ಮನ್, ಸಂಬಳದ ದಿನ ಬೆನ್ನು ತಟ್ಟಿ ಹೋಗಲೇ, ತಿಂದು ಬಾ ಎಂದು ಕಳಿಸುತ್ತಿದ್ದ, ನಾನು ಬೆಂಚಿನ ಹತ್ತಿರ ಹೋಗುತ್ತಿರಲಿಲ್ಲ, ಮರದ ಈ ಕಡೆ ನಿಲ್ಲುತ್ತಿದ್ದೆ, ಯಾರೂ ಹೇಳಿಕೊಟ್ಟಿರಲಿಲ್ಲ, ನಮ್ಮ ಕೇರಿಯವರು ನಿಲ್ಲುವ ಜಾಗ ಅದು, ಗೊತ್ತಿತ್ತು. ನಾಗಲಿಂಗಮ್ಮ ಬೈದವರಲ್ಲ, ಅದನ್ನು ಹೇಳದಿದ್ದರೆ ನನಗೆ ಪಾಪ ಬರುತ್ತದೆ, ಒಂದು ದಿನವೂ ಗದರಿದವರಲ್ಲ, ಬಂದ್ಯಾ ರಾಮಣ್ಣನ ಮಗನ, ಶಾಲಿಗೆ ಹೋಗಿದ್ಯಾ, ಲೆಕ್ಕದಾಗ ಎಷ್ಟು ಬಿತ್ತು, ಎಂದು ಕೇಳುತ್ತಲೇ ಬೇರೆಯವರಿಗಿಂತ ಒಂದು ಹಿಡಿ ಹೆಚ್ಚು ಮಂಡಕ್ಕಿ ಹಾಕಿ, ಮೇಲೆ ಎರಡು ಮೆಣಸಿನಕಾಯಿ ಇಟ್ಟು, ಹಾಳೆಯ ಪೊಟ್ಟಣ ಸುತ್ತಿ ನನ್ನತ್ತ ಬಗ್ಗುತ್ತಿದ್ದರು, ನಾನು ಎರಡೂ ಅಂಗೈ ಜೋಡಿಸಿ ಕೆಳಗೆ ಹಿಡಿಯುತ್ತಿದ್ದೆ, ಅವರ ಕೈ ಬಂದು ನನ್ನ ಅಂಗೈಯಿಂದ ಒಂದು ಗೇಣು ಮೇಲೆ ನಿಲ್ಲುತ್ತಿತ್ತು, ಅಲ್ಲಿಂದ ಪೊಟ್ಟಣ ಬಿಡುತ್ತಿದ್ದರು, ಬೀಳುತ್ತಿತ್ತು, ಬಿಸಿ ಎಣ್ಣೆ ಹಾಳೆಯಿಂದ ಒಸರಿ ಅಂಗೈಗೆ ಹತ್ತುತ್ತಿತ್ತು. ಆ ಒಂದು ಗೇಣು ಎಂದೂ ಹೆಚ್ಚಾಗಲಿಲ್ಲ, ಕಡಿಮೆಯೂ ಆಗಲಿಲ್ಲ, ಅವರೂ ಅಳೆದವರಲ್ಲ, ನಾನೂ ಅಳೆದವನಲ್ಲ, ಇಬ್ಬರ ಕೈಗೂ ರೂಢಿಯಾಗಿಬಿಟ್ಟಿತ್ತು.

ನಲ್ಲಿ ನಿಲ್ಲಿಸಿದೆ, ಟವೆಲ್ಲು ಎಲ್ಲಿ, ಇಲ್ಲಿದೆ, ಒರೆಸಿ ಬೆಚ್ಚಗಾಗುವ ತನಕ ಅಂಗೈ ತಿಕ್ಕುತ್ತೇನೆ, ಮೇಜಿನ ಮೇಲೆ ಆ ಪ್ಲಾಸ್ಟಿಕ್ ಕವರು, ಅದರೊಳಗೆ ಸೂಜಿ ಪರೀಕ್ಷೆಯ ರಿಪೋರ್ಟು, ಸ್ಕ್ಯಾನು, ಮತ್ತೆ ಆ ಹಳದಿ ಕಾರ್ಡು, ಹತ್ತು ನಿಮಿಷದ ಹಿಂದೆ ನಾಗಲಿಂಗಮ್ಮನ ಮಗಳು ಕೀರ್ತನಾ ತಾಯಿಯನ್ನು ಹೊರಗೆ ಕೂರಿಸಿ ಒಬ್ಬಳೇ ಒಳಗೆ ಬಂದು ಇವನ್ನು ನನ್ನ ಮುಂದಿಟ್ಟಳು, ಹಗರಿಬೊಮ್ಮನಹಳ್ಳಿಯ ಶಾಲೆಯಲ್ಲಿ ಟೀಚರು, ಅತ್ತು ಅತ್ತು ಮೂಗು ಕೆಂಪಾಗಿದೆ, ಆದರೂ ಮಾತು ನೆಟ್ಟಗೆ, ಸರ್, ಅವ್ವಗ ಕ್ಯಾನ್ಸರ್ ಅಂತ ಹೇಳಬ್ಯಾಡ್ರಿ, ನೀರಿನ ಗಂಟು ಅಂತ ಹೇಳಿ ಕರ್ಕೊಂಡು ಬಂದೀನಿ, ಆಕಿಗೆ ಗೊತ್ತಾದ್ರ ಅರ್ಧಾ ಜೀವ ಹೋಗ್ತತಿ. ಇದು ಎಲ್ಲರ ಮಾತು, ಮಕ್ಕಳು ತಾಯಿಯಿಂದ ಮುಚ್ಚಿಡುತ್ತಾರೆ, ತಾಯಿ ಮಕ್ಕಳಿಂದ, ಆಮೇಲೆ ಆ ಹಳದಿ ಕಾರ್ಡನ್ನು ಸವರಿ ನೆಟ್ಟಗೆ ಮಾಡಿ ಕೇಳಿದಳು, ಎರಡು ವರ್ಷದ ಹಿಂದ ನೀವs ಕ್ಯಾಂಪಿನ್ಯಾಗ ನೋಡಿದ್ರಿ ಸರ್, ಏನೂ ಇಲ್ಲ ಅಂದಿದ್ರಿ, ನೋಡ್ರಿ ಬರ್ದೀರಿ, ಎರಡೇ ವರ್ಷದಾಗ ಇಷ್ಟು ಬೆಳೀತದೇನ್ರಿ? ಬೆಳೆಯುತ್ತದಮ್ಮಾ, ಕೆಲವು ಬೆಳೆಯುತ್ತವೆ, ಇದು ಸುಳ್ಳಲ್ಲ, ಯಾವ ಪುಸ್ತಕದಲ್ಲಾದರೂ ಸಿಗುತ್ತದೆ, ನಾನು ಹೂಂ ಎನ್ನುವಂತೆ ತಲೆ ಆಡಿಸಿದೆ, ಅಷ್ಟಕ್ಕೇ ಅವಳು ಕಣ್ಣೊರೆಸಿಕೊಂಡಳು, ನೀವು ಅದೀರಲ್ಲ, ನಮಗ ಅದs ಧೈರ್ಯ ಎಂದಳು. ನಾಚಿಕೆಯಾಗಬೇಕು ನಿನಗೆ ಮಾರೇಶ, ಒಂದು ಹೆಣ್ಣುಮಗಳು ಕೈಮುಗಿದು ಹೊರಗೆ ಹೋಗುವ ತನಕ ನೀನು ರಿಪೋರ್ಟು ಓದುವವನ ಹಾಗೆ ತಲೆ ತಗ್ಗಿಸಿ ಕೂತಿದ್ದೆ, ಕಾರ್ಡಿನ ಮೇಲಿನ ಅಕ್ಷರ ನಿನ್ನದೇ, ಎರಡೂ ಕಡೆ ಗಂಟಿಲ್ಲ, ಕೆಳಗೆ ಸಹಿ, ಸಹಿಯ ಕೆಳಗೆ ಗೆರೆ ಬೇರೆ.

ಆ ದಿನ, ಆ ದಿನ ಏನಾಯಿತು, ಸುತ್ತಿ ಬಳಸಬೇಡ, ಇನ್ನೊಬ್ಬ ಡಾಕ್ಟರು ಮಾಡಿದ್ದರೆ ಎಷ್ಟು ಬೇಗ ಹೇಳಿಬಿಡುತ್ತಿದ್ದೆ, ನನ್ನ ಅಪ್ಪನ ವಿಷಯದಲ್ಲಿ ಹೇಳಲಿಲ್ಲವೇ, ಹೋದಲ್ಲಿ ಬಂದಲ್ಲಿ ಹೇಳುತ್ತೇನೆ, ಭಾಷಣದಲ್ಲಿ ಹೇಳುತ್ತೇನೆ, ಕಲಿಯಲು ಬಂದ ಹುಡುಗರಿಗೆ ಹೇಳುತ್ತೇನೆ, ನಾನು ಪಿಯುಸಿ ಓದುವಾಗ ಅಪ್ಪನ ದವಡೆಯೊಳಗೆ ಹುಣ್ಣಾಯಿತು, ಒಂದು ಖಾಸಗಿ ದವಾಖಾನೆಗೆ ಹೋದೆವು, ಆ ಡಾಕ್ಟರು ಕುರ್ಚಿಯಿಂದ ಏಳಲಿಲ್ಲ, ಬಾಯಿ ತೆಗಿ ಎಂದರು, ಮೇಜಿನ ಆ ಕಡೆಯಿಂದಲೇ ಟಾರ್ಚು ಬಿಟ್ಟರು, ಏನೂ ಇಲ್ಲ, ಹಲ್ಲು ತಾಗಿದೆ, ಮುಲಾಮು ಹಚ್ಚು, ಆರು ತಿಂಗಳ ನಂತರ ಕತ್ತಿನಲ್ಲಿ ನಿಂಬೆಹಣ್ಣಿನಷ್ಟು ಗಂಟು, ಆಮೇಲೆ ಯಾರಿಂದಲೂ ಏನೂ ಆಗಲಿಲ್ಲ, ಅಪ್ಪ ಗಂಜಿ ನುಂಗಲಾಗದೆ ಗೋಡೆಯ ಮೇಲಿನ ಬುದ್ಧನ ಪಟ ನೋಡುತ್ತಾ ಮಲಗಿರುತ್ತಿದ್ದ, ಒಂದು ದಿನ ತೊದಲುತ್ತಾ ಹೇಳಿದ, ಆತ ಒಂದು ಸಲ ಬೆರಳು ಹಾಕಿ ಮುಟ್ಟಿ ನೋಡಿದ್ರ ಗೊತ್ತಾಗ್ತಿತ್ತೇನೋ ಲೇ. ಸಿಟ್ಟಿನಿಂದ ಹೇಳಲಿಲ್ಲ, ಮಳೆ ಬಂದಿದ್ದರೆ ಚೆನ್ನಾಗಿತ್ತು ಅನ್ನುವಷ್ಟು ಸಲೀಸಾಗಿ ಹೇಳಿದ, ಸಿಟ್ಟು ನನಗೆ ಬಂತು, ಆ ಸಿಟ್ಟಿನ ಮೇಲೆಯೇ ಓದಿದೆ, ಡಾಕ್ಟರಾದೆ, ಮುಟ್ಟದೆ ಯಾರನ್ನೂ ಕಳಿಸುವುದಿಲ್ಲ ಎಂದು ಅಪ್ಪನ ಮಣ್ಣಿನ ಮುಂದೆ ನಿಂತು ಅಂದುಕೊಂಡೆ, ಸಾವಿರಾರು ಜನರನ್ನು ಮುಟ್ಟಿದೆ, ಕೀವು ಸೋರುವ ಎದೆ, ಹುಳ ಬಿದ್ದ ಕೆನ್ನೆ, ಹೇಸಲಿಲ್ಲ, ಹಿಂಜರಿಯಲಿಲ್ಲ.

ಆ ದಿನ ಕ್ಯಾಂಪಿನಲ್ಲಿ ನೂರಾ ನಲವತ್ತು ಹೆಂಗಸರು, ಹೆಸರು ಕೂಗಿದರು, ನಾಗಲಿಂಗಮ್ಮ, ಪರದೆಯೊಳಗೆ ಹೋದರೆ ಅವರೇ, ಕೂದಲು ಬೆಳ್ಳಗಾಗಿದೆ, ಮೂಗುಬೊಟ್ಟು ಅದೇ, ನೀವು ರಾಮಣ್ಣನ ಮಗ ಅಲ್ಲೇನ್ರಿ, ಎಷ್ಟು ದೊಡ್ಡಾವ್ರಾಗೀರಿ, ಎಂದು ಎದ್ದು ನಿಲ್ಲಲು ಹೋದರು, ಕೂತ್ಕೊಳ್ರಿ ಅಮ್ಮಾರ ಎಂದೆ, ಅಮ್ಮಾರ ಎನ್ನುವ ನಮ್ಮ ಕೇರಿಯ ಆ ಹಳೆಯ ಮಾತು ನನ್ನ ಬಾಯಿಂದ ತಾನಾಗಿಯೇ ಬಂತು, ಎದೆಯ ಮೇಲೆ ಬೆಳ್ಳಿ ಕರಡಿಗೆ, ಒಳಗೆ ಲಿಂಗ, ದಾರದಲ್ಲಿ ಕೊರಳಿಂದ ಇಳಿಬಿದ್ದಿತ್ತು, ಅವರು ಎಡಗೈಯಲ್ಲಿ ಅದನ್ನು ಹಿಡಿದು ಎಡ ಮೊಲೆಯ ಮೇಲ್ಭಾಗಕ್ಕೆ ಒತ್ತಿಕೊಂಡಿದ್ದರು, ಕರಡಿಗೆ ಹಾಕಿಕೊಂಡ ಹೆಂಗಸರು ದಿನಕ್ಕೆ ಇಪ್ಪತ್ತು ಮಂದಿ ಬರುತ್ತಾರೆ ನನ್ನ ಹತ್ತಿರ, ಎಲ್ಲರಿಗೂ ಹೇಳುತ್ತೇನೆ, ಅವ್ವಾ, ಕರಡಿಗಿ ಬೆನ್ನಿಗೆ ಸರಿಸ್ಕೊಳ್ರಿ, ಎರಡು ನಿಮಿಷ, ಯಾರೂ ಬೇಡವೆಂದಿಲ್ಲ, ಇವರಿಗೂ ಹೇಳಬೇಕಿತ್ತು, ಬಾಯಿ ಬರಲಿಲ್ಲ. ಬಲಗಡೆ ಪೂರ್ತಿ ನೋಡಿದೆ, ಎಡಗಡೆ ಕೆಳಗೆ ನೋಡಿದೆ, ಪಕ್ಕ ನೋಡಿದೆ, ಕಂಕುಳ ನೋಡಿದೆ, ನನ್ನ ಬೆರಳು ಅವರ ಕೈಯ ತನಕ ಹೋಗುತ್ತಿತ್ತು, ಹತ್ತಿರ ಹೋಗಿ ನಿಲ್ಲುತ್ತಿತ್ತು, ಅವರ ಕೈ ಮತ್ತು ಅದರೊಳಗಿನ ಬೆಳ್ಳಿ, ಅದರ ಕೆಳಗೆ ಅಂಗೈಯಗಲದ ಜಾಗ, ಸುತ್ತ ಬಳಸಿ ಬಂದೆ, ನನ್ನ ಕೈ ಸರ್ಜನ್ನನ ಕೈಯಾಗಿರಲಿಲ್ಲ, ಮರದ ಈ ಕಡೆ ನಿಂತವನ ಕೈಯಾಗಿತ್ತು, ಅದು ತಾನಾಗಿ ದೂರ ಇಟ್ಟುಕೊಂಡಿತು, ನಾನು ಬಿಟ್ಟೆ. ಏನೂ ಇಲ್ರೀ ಅಮ್ಮಾರ, ಅರಾಮ ಅದೀರಿ, ಎಂದುಬಿಟ್ಟೆ, ಕೈಗೆ ಸಿಗಲಿಲ್ಲ ಎನ್ನಲಿಲ್ಲ, ಏನೂ ಇಲ್ಲ ಎಂದೆ, ಯಾಕೆಂದರೆ ಅಲ್ಲಿಂದ ಬೇಗ ಹೊರಗೆ ಬರಬೇಕಿತ್ತು, ಅವರಿಗೆ ಒಳ್ಳೆಯ ಸುದ್ದಿ ಕೊಟ್ಟು ದೊಡ್ಡವನಾಗಬೇಕಿತ್ತು. ಟಾರ್ಚು ಹಿಡಿದ ಆ ಡಾಕ್ಟರಿಗೆ ನಾನು ಇಪ್ಪತ್ತೆಂಟು ವರ್ಷ ಶಾಪ ಹಾಕಿದ್ದೇನೆ, ಅವನಾದರೂ ಕುರ್ಚಿಯಿಂದ ಏಳಲಿಲ್ಲ, ನಾನು ಎದ್ದು, ಹತ್ತಿರ ಹೋಗಿ, ಕೈ ಬೆಚ್ಚಗೆ ಮಾಡಿಕೊಂಡು ಹೋಗಿ, ಮುಟ್ಟದೆ ಬಂದೆ. ಸ್ಕ್ಯಾನಿನಲ್ಲಿ ಗಂಟು ಎಲ್ಲಿದೆ ಎಂದು ಬರೆದಿದ್ದಾರೆ, ಎಡಗಡೆ, ಮೇಲ್ಭಾಗ, ಒಳಬದಿ, ಓದುವ ಮೊದಲೇ ನನಗೆ ಗೊತ್ತಿತ್ತು.

ಈಗ ಉಳಿದಿರುವುದು ಒಂದೇ ಪ್ರಶ್ನೆ, ಆ ಗಂಟು ಅಲುಗಾಡುತ್ತದೆಯೋ, ಎದೆಗೂಡಿಗೆ ಅಂಟಿಕೊಂಡಿದೆಯೋ, ಸ್ಕ್ಯಾನು ಅದನ್ನು ಸರಿಯಾಗಿ ಹೇಳಿಲ್ಲ, ಬೆರಳು ಹೇಳುತ್ತದೆ, ಅಲುಗಾಡಿದರೆ ಔಷಧ ಕೊಟ್ಟು ಕುಗ್ಗಿಸಿ ತೆಗೆಯಬಹುದು, ವರ್ಷಗಟ್ಟಲೆ ಬದುಕುತ್ತಾರೆ, ಬದುಕಿದವರನ್ನು ನೋಡಿದ್ದೇನೆ, ಅಂಟಿಕೊಂಡಿದ್ದರೆ — ಅಂಟಿಕೊಂಡಿದ್ದರೆ ಆ ಎರಡು ವರ್ಷ ನಾನು ತಿಂದ ಹಾಗೆ. ಹೇಳದೆಯೂ ಇರಬಹುದು, ಯಾರಿಗೂ ಗೊತ್ತಾಗುವುದಿಲ್ಲ, ಕೀರ್ತನಾ ಆಗಲೇ ಒಪ್ಪಿಕೊಂಡಿದ್ದಾಳೆ, ಕೆಲವು ಬೇಗ ಬೆಳೆಯುತ್ತವೆ, ಹೇಳಿದರೆ ಏನು ಸಿಗುತ್ತದೆ ಅವರಿಗೆ, ಇದ್ದ ಧೈರ್ಯವೂ ಹೋಗುತ್ತದೆ, ಈ ನಾಲ್ಕು ಊರಿನಲ್ಲಿ ಸುದ್ದಿಯಾಗುತ್ತದೆ, ಹೆಂಗಸರು ಬರುವುದನ್ನೇ ಬಿಟ್ಟರೆ, ನೋಡು, ಎಷ್ಟು ಚೆಂದ ನೆಪ ಹುಡುಕುತ್ತಿದ್ದೀಯ, ಎಲ್ಲ ಅವರ ಒಳ್ಳೆಯದಕ್ಕೇ, ನಿನಗೆ ಹೆದರಿಕೆ ಮಾರೇಶ, ಬರೀ ಹೆದರಿಕೆ. ಕೈ ಬೆಚ್ಚಗಾಗಿದೆಯೇ, ಕೆನ್ನೆಗೆ ಇಟ್ಟು ನೋಡಿದೆ, ಬೆಚ್ಚಗಾಗಿದೆ.

ಸರ್, ಬರ್ರಿ, ರೆಡಿ ಅದಾರ — ಹೊನ್ನೂರಮ್ಮನ ದನಿ, ಪರದೆ ಸರಿಸಿದೆ, ಉಂಗುರಗಳು ಕಿರ್ರೆಂದವು, ನಾಗಲಿಂಗಮ್ಮ ಮಂಚದ ಮೇಲೆ ಕಾಲು ಇಳಿಬಿಟ್ಟು ಕೂತಿದ್ದಾರೆ, ಸೆರಗು ಹೊದ್ದಿದ್ದಾರೆ, ಎಡಗೈ ಅಲ್ಲೇ ಇದೆ, ಅಲ್ಲೇ, ಎರಡು ವರ್ಷ ಇಳಿಸದೆ ಹಾಗೇ ಕೂತವರ ಹಾಗೆ ಕರಡಿಗೆಯನ್ನು ಎದೆಗೆ ಒತ್ತಿಕೊಂಡಿದ್ದಾರೆ, ಅಮ್ಮಾರ ಕೈ ತೆಗೀರಿ ಎಂದು ಹೊನ್ನೂರಮ್ಮ ಬಾಯಿ ತೆಗೆದಳು, ಇರು ಎಂದೆ, ಸ್ಟೂಲು ಎಳೆದು ಅವರಿಗಿಂತ ತಗ್ಗಿಗೆ ಕೂತೆ, ಅಮ್ಮಾರ, ನಿಮಗ ಒಂದು ಮಾತು ಹೇಳಬೇಕ್ರಿ, ಆವತ್ತು ನಾನು ಎಲ್ಲಾ ಕಡಿ ನೋಡಿದೆ, ನಿಮ್ಮ ಕೈ ಕೆಳಗ ನೋಡ್ಲಿಲ್ಲ, ನೋಡದs ಏನೂ ಇಲ್ಲ ಅಂದೆ, ತಪ್ಪು ನಂದು, ಇದು ಆವಾಗ್ಲೇ ಇತ್ತು ಅನಸ್ತತಿ. ಹೇಳಿಯಾಯಿತು, ಹೊನ್ನೂರಮ್ಮ ಮುಖ ಆ ಕಡೆ ಮಾಡಿದಳು, ಹೊರಗೆ ಹೊಸಪೇಟೆ ಬಸ್ಸು ಹೊರಟಿತು, ನಾಗಲಿಂಗಮ್ಮ ನನ್ನನ್ನೇ ನೋಡಿದರು, ಲೆಕ್ಕದಲ್ಲಿ ಎಷ್ಟು ಬಿತ್ತು ಎಂದು ಕೇಳುವಾಗ ನೋಡುತ್ತಿದ್ದ ಹಾಗೆ ನೋಡಿದರು, ಇತ್ತು ತಮ್ಮಾ, ಆವಾಗ ಶೇಂಗಾಬೀಜದಷ್ಟಿತ್ತು, ನನಗ ಗೊತ್ತಿತ್ತು, ಅದನ್ನ ತೋರಿಸಾಕs ಬಂದಿದ್ದೆ. ಏನು, ಏನೆಂದಿರಿ. ತೋರಿಸಾಕs ಬಂದಿದ್ದೆ, ನಿನ್ನ ಮುಖಾ ನೋಡಿದ ಕೂಡ್ಲೇ ಕೈ ತಾನs ಅಲ್ಲಿ ಹೋಗಿ ಕುಂತುಬಿಡ್ತು, ಸಣ್ಣಾಂವ ಇದ್ದಾಗಿಂದ ನೋಡೀನಿ ನಿನ್ನ, ಹೆಂಗ ತೆಗೀಲಿ, ನೀನs ತೆಗೀರಿ ಅಂತೀ ಅಂತ ಕಾದೆ, ಒಂದು ಮಾತು ಅಂದಿದ್ರ ತೆಗೀತಿದ್ದೆ, ನೀನು ಅನ್ನಲಿಲ್ಲ, ಏನೂ ಇಲ್ಲ ಅಂದಿ, ಹೋಗ್ಲಿ ಬಿಡು, ದೊಡ್ಡ ಡಾಕ್ಟರು ಹೇಳ್ಯಾರ, ಇರಲಿಕ್ಕಿಲ್ಲ ಅಂತ ನಾನೂ ಎದ್ದು ಹೋದೆ. ಸೆರಗಿನಿಂದ ಮೂಗು ಒರೆಸಿಕೊಂಡರು, ಮಗಳು ನೀರಿನ ಗಂಟು ಅಂತಾಳ, ಹೂಂ ಅಂದೀನಿ, ಆಕಿ ಮುಂದ ಏನೂ ಅನ್ನಬ್ಯಾಡ, ಭಾಳ ಅಳ್ತಾಳ. ಕಾದೆ ಎಂದರು, ಅವರು ಕಾದರು, ಆ ಎರಡು ನಿಮಿಷ ಅವರು ಅಲ್ಲಿ ಕೂತು ನನ್ನ ಒಂದು ಮಾತಿಗೆ ಕಾಯುತ್ತಿದ್ದರು, ನಾನು ಅವರ ಕೈಯ ಸುತ್ತ ಬಳಸಿ ಹೋಗುತ್ತಿದ್ದೆ, ಅಯ್ಯೋ, ಇಬ್ಬರೂ, ಇಬ್ಬರೂ — ಈಗ ಕೇಳು, ಈಗಲಾದರೂ ಬಾಯಿ ಬಿಡು, ಕರಡಿಗಿ ತೆಗೀರಿ ಅಮ್ಮಾರ ಎಂದೆ, ನನ್ನ ದನಿ ನನಗೇ ಕೇಳಿಸಲಿಲ್ಲ, ಅವರಿಗೆ ಕೇಳಿಸಿತು, ಬೆನ್ನಿಗೆ ಸರಿಸಿದರೆ ಸಾಕಿತ್ತು, ಅವರು ದಾರವನ್ನೇ ತಲೆಯ ಮೇಲಿಂದ ತೆಗೆಯುತ್ತಿದ್ದಾರೆ, ಐವತ್ತು ವರ್ಷ ಆತು, ಮೈಮ್ಯಾಲಿಂದ ಇಳಿಸಿಲ್ಲ ಇದನ್ನ, ದಾರ ತುರುಬಿಗೆ ಸಿಕ್ಕಿಕೊಂಡಿತು, ಬಿಡಿಸಿಕೊಂಡರು, ನನ್ನ ಕೈಯಾಗ ಕೊಡ್ರಿ ಎಂದು ಹೊನ್ನೂರಮ್ಮ ಮುಂದೆ ಬಂದಳು, ಅವಳನ್ನು ದಾಟಿ ಅವರ ಕೈ ನನ್ನತ್ತ ಬಂತು, ಹಿಡಿ ತಮ್ಮಾ, ನಾನು ಹೇಳದೆಯೇ ನನ್ನ ಅಂಗೈಗಳು ಜೋಡಿಕೊಂಡು ಕೆಳಗೆ ಹೋದವು, ಹಳೆಯ ಜಾಗಕ್ಕೆ, ಹಳೆಯ ತಗ್ಗಿಗೆ, ಅವರ ಮುಷ್ಟಿ ಬಂದು ಮೇಲೆ ನಿಂತಿತು, ಮುಷ್ಟಿಯೊಳಗೆ ಬೆಳ್ಳಿ, ದಾರ ಇಳಿಬಿದ್ದು ತೂಗುತ್ತಿದೆ, ಕೈ ಇಳಿಯುತ್ತಿಲ್ಲ, ಬಿಡುತ್ತಲೂ ಇಲ್ಲ, ಕಾಯುತ್ತಿದ್ದಾರೆ, ಎತ್ತು ಮಾರೇಶ, ಇಷ್ಟು ಹೊತ್ತು ಬೆಚ್ಚಗೆ ಮಾಡಿಕೊಂಡ ಕೈ, ಎತ್ತು, ಮೇಲೆ ಅವರ ಕೈ, ಕೆಳಗೆ ನನ್ನ ಅಂಗೈ, ನಡುವೆ ಒಂದು ಗೇಣು, ಎತ್ತು, ಒಂದು ಗೇಣು —